ಚಿಕ್ಕಪ್ಪನ 14 ತಿಂಗಳ ಬಾಕಿ ಜಿಎಸ್‌ಟಿ ರಿಟರ್ನ್
ಚಿಕ್ಕಪ್ಪನ ವೆಲ್ಡಿಂಗ್ ಶಾಪಿನ 14 ತಿಂಗಳ ಜಿಎಸ್‌ಟಿ ರಿಟರ್ನ್ ಬಾಕಿ ಇದೆ, ದಂಡ ಬೆಳೆದಿದೆ, ಈಗ ಏನು ಮಾಡಬೇಕು ಅಂತ ಕೇಳಿದ್ದೀರಿ. ಶಾಪಿಗೆ ಕೆಲಸವೇ ಇಲ್ಲದ ತಿಂಗಳು ರಿಟರ್ನ್ ಯಾಕೆ ಅಂತ ನಿಮ್ಮ ಚಿಕ್ಕಪ್ಪ ಬಿಟ್ಟಿರಬೇಕು, ದಂಡ ಬೆಳೆದದ್ದು ಬಹುಶಃ ಅದಕ್ಕೇ. ವ್ಯಾಪಾರ ಸೊನ್ನೆ ಇದ್ದರೂ ಹಾಕಲೇಬೇಕು. ಮೊದಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ಅವರ ನೋಂದಣಿ ರದ್ದಾಗಿದೆಯಾ ನೋಡಿ. ರದ್ದಾಗಿದ್ದರೆ ಬಾಕಿ ರಿಟರ್ನ್ ಮುಗಿಸಿ, ಆದೇಶ ಬಂದ 90 ದಿನದೊಳಗೆ ರದ್ದತಿ ತೆಗೆಸುವ ಅರ್ಜಿ ಹಾಕಬೇಕು. ಹಳೆಯ ತಿಂಗಳಿಂದಲೇ ಶುರು ಮಾಡಿ, ಪ್ರತಿ ತಿಂಗಳಿಗೂ ಮೊದಲು ಜಿಎಸ್‌ಟಿಆರ್-1 (ಮಾರಾಟದ ಬಿಲ್‌ಗಳ ವಿವರ), ಆಮೇಲೆ ಜಿಎಸ್‌ಟಿಆರ್-3ಬಿ (ಒಟ್ಟು ಲೆಕ್ಕ ಕೊಟ್ಟು ತೆರಿಗೆ ಕಟ್ಟುವ ರಿಟರ್ನ್). ಸೊನ್ನೆ 3ಬಿಗೆ ಲೇಟ್ ಫೀ ದಿನಕ್ಕೆ 20 ರೂಪಾಯಿ, 500ಕ್ಕಿಂತ ಜಾಸ್ತಿ ಆಗಲ್ಲ. ವ್ಯಾಪಾರ ಇದ್ದ ತಿಂಗಳಿಗೆ ದಿನಕ್ಕೆ 50, ವರ್ಷದ ವಹಿವಾಟು ಒಂದೂವರೆ ಕೋಟಿ ದಾಟದಿದ್ದರೆ 2,000ಕ್ಕೆ ನಿಲ್ಲುತ್ತದೆ, ಜೊತೆಗೆ ತೆರಿಗೆ ಬಾಕಿಗೆ ವರ್ಷಕ್ಕೆ ಶೇ. 18 ಬಡ್ಡಿ. ಬಿಲ್ ಕೊಟ್ಟ ತಿಂಗಳನ್ನು ಸುಮ್ನೆ ಸೊನ್ನೆ ಅಂತ ಹಾಕಿಬಿಡಬೇಡಿ. ನೋಟಿಸ್ ಬಂದಿದ್ದರೆ ಮಾತ್ರ ಅದನ್ನು ಟ್ಯಾಕ್ಸ್ ಪ್ರಾಕ್ಟೀಷನರ್ ಒಬ್ಬರಿಗೆ ತೋರಿಸಿ.