ಬ್ರೆಡ್ಡಿನ ಮೇಲಿನ ವ್ಯಾಕರಣ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನಾವು ಹಾಸನದ ಕಡೆಯವರು, ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಮಗನಿಗೆ ಹನ್ನೆರಡು ವರ್ಷ. ಸರ್ಕಾರಿ ಶಾಲೆ. ಈ ವರ್ಷ ಲ್ಯಾಟಿನ್ ತೆಗೆದುಕೊಂಡಿದ್ದಾನೆ. ಯಾರೂ ಮಾತಾಡದ ಭಾಷೆ ಯಾಕೆ ಬೇಕು ಅಂತ ನಮ್ಮ ಮನೆಯವರು ಕೇಳುತ್ತಾರೆ. ಹೋಗಲಿ, ವ್ಯಾಕರಣವನ್ನಾದರೂ ಗಟ್ಟಿಯಾಗಿ ಕಲಿಸುತ್ತಾರಾ ಅಂದರೆ ಅದೂ ಕಾಣುತ್ತಿಲ್ಲ. ಹಳೇ ರೋಮನ್ನರ ಪಾಂಪೇಯಿ ಊರಿನ ಒಬ್ಬ ಸಾಹುಕಾರ, ಅವನ ಹೆಂಡತಿ, ಮಗ, ಅಡುಗೆಯವನು, ನಾಯಿ, ಬರೀ ಇವರದೇ ಕತೆ. ಮೊನ್ನೆಯ ಹೋಂವರ್ಕ್ ರೋಮನ್ನರ ಬ್ರೆಡ್ ಬಗ್ಗೆ! ನಾನು ಹೈಸ್ಕೂಲಿನಲ್ಲಿ ಸಂಸ್ಕೃತ ಓದಿದವಳು. ಶಬ್ದರೂಪ, ಧಾತುರೂಪ ಎಲ್ಲ ಬಾಯಿಪಾಠ ಮಾಡಿ 125ಕ್ಕೆ 121 ತೆಗೆದಿದ್ದೆ. ಈಗ ಒಂದು ಶ್ಲೋಕ ಕೊಟ್ಟರೆ ಅರ್ಥ ಮಾಡಲು ಬರುವುದಿಲ್ಲ, ಅದು ಬೇರೆ ವಿಷಯ. ಇನ್ನೊಂದು ಕಸಿವಿಸಿ ಇದೆ. ಆ ಮನೆಯಲ್ಲಿ ಗುಲಾಮರಿದ್ದರು ಅನ್ನುವುದನ್ನು ಮಗ ತೀರಾ ಸಹಜ ಎಂಬಂತೆ ಹೇಳುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಅವನಿಗೆ ಕನ್ನಡ ಓದಲು ಬರುವುದಿಲ್ಲ. ಈ ಹೊತ್ತನ್ನು ಕನ್ನಡಕ್ಕೆ ಕೊಡಬಹುದಿತ್ತು ಅಲ್ವಾ? ಲ್ಯಾಟಿನ್ ಬಿಡಿಸಿಬಿಡಲಾ? ಹೆಸರು ಹಾಕಬೇಡಿ.

ಸಂಪಾದಕರ ಉತ್ತರ

ಬಿಡಿಸಬೇಡಿ.

ನಿಮ್ಮ ಪತ್ರದಲ್ಲಿ ನಿಮಗೆ ತೀರಾ ಬೇಸರ ತರಿಸಿದ್ದು ಬ್ರೆಡ್ಡಿನ ಹೋಂವರ್ಕ್. ಅಲ್ಲಿಂದಲೇ ಶುರು ಮಾಡುತ್ತೇನೆ.

ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಪಾಂಪೇಯಿಯಲ್ಲಿ ಒಬ್ಬ ಬೇಕರಿಯವನ ಒಲೆಯೊಳಗೆ 81 ಬ್ರೆಡ್ಡು ಹಾಗೇ ಉಳಿದವು. ಸುಟ್ಟು ಇದ್ದಿಲಾದವು, ಆದರೆ ಆಕಾರ ಕೆಡಲಿಲ್ಲ. ಪಕ್ಕದ ಊರು ಹರ್ಕ್ಯುಲೇನಿಯಮ್‌ನಲ್ಲೂ ಅಂಥದೊಂದು ಸಿಕ್ಕಿದೆ. ದುಂಡಗಿದೆ, ಮುರಿಯಲು ಸುಲಭವಾಗಲಿ ಅಂತ ಮೇಲೆ ಎಂಟು ಭಾಗದ ಗೆರೆ ಹಾಕಿದ್ದಾರೆ. ಒಂದು ಭಾಗದ ಮೇಲೆ ಮುದ್ರೆ ಒತ್ತಿದ್ದಾರೆ. ಆ ಅಕ್ಷರಗಳನ್ನು ಬಿಡಿಸಿ ಓದಿದರೆ ಹೀಗಾಗುತ್ತದೆ: ಕೆಲೆರಿಸ್, ಕ್ವಿಂತೀ ಗ್ರಾನೀ ವೇರೀ ಸೆರ್ವೀ. ಅಂದರೆ, ಕ್ವಿಂತುಸ್ ಗ್ರಾನಿಯುಸ್ ವೇರುಸ್‌ನ ಗುಲಾಮನಾದ ಕೆಲೆರ್‌ನದು.

ಇದರಲ್ಲಿ ಕ್ರಿಯಾಪದವೇ ಇಲ್ಲ ನೋಡಿ. ಇಡೀ ಬರಹ ನಿಂತಿರುವುದು ಷಷ್ಠಿ ವಿಭಕ್ತಿಯ ಮೇಲೆ. ಕೆಲೆರ್ ಅಂದರೆ ಆ ಮನುಷ್ಯ, ಕೆಲೆರಿಸ್ ಅಂದರೆ ಅವನದು. ಹೆಸರುಗಳು ಕೊನೆಯಲ್ಲಿ ‘ಈ’ ಆದವು ಅಂದರೆ ಅಲ್ಲಿ ನಮ್ಮ ‘ನ’, ‘ಅವನ’ ಬಂತು ಅಂತ ಅರ್ಥ. ಹನ್ನೆರಡು ವರ್ಷದ ಹುಡುಗನಿಗೆ ಬೋರ್ಡಿನ ಮೇಲೆ ಷಷ್ಠಿಯ ಪ್ರತ್ಯಯ ಬರೆದು ‘ಬಾಯಿಪಾಠ ಮಾಡು’ ಅಂದರೆ ಪರೀಕ್ಷೆಯವರೆಗೆ ಉಳಿದೀತು. ಸುಮಾರು ಎರಡು ಸಾವಿರ ವರ್ಷ ಹಿಂದೆ ಯಾರೋ ತಿನ್ನಬೇಕಿದ್ದ ಬ್ರೆಡ್ಡಿನ ಮೇಲೆ ಅದನ್ನೇ ತೋರಿಸಿ, ‘ಇದು ಯಾರದು, ಹೇಗೆ ಗೊತ್ತಾಯಿತು?’ ಅಂತ ಕೇಳಿದರೆ ಅವನು ಮರೆಯುವುದಿಲ್ಲ. ಬ್ರೆಡ್ಡಿನ ಹೋಂವರ್ಕ್ ಭಾಷೆಯ ಹೋಂವರ್ಕೇ.

ಹೀಗೆ ಕಲಿಸುವುದಕ್ಕೆ ಒಂದು ಹಿನ್ನೆಲೆ ಇದೆ. ಆಕ್ಸ್‌ಫರ್ಡ್, ಕೇಂಬ್ರಿಜ್ ಸೇರಬೇಕಾದರೆ ಲ್ಯಾಟಿನ್ ಗೊತ್ತಿರಲೇಬೇಕು ಅನ್ನುವ ನಿಯಮ ಮೊದಲು ಇತ್ತು. 1960ರಲ್ಲಿ ಅದನ್ನು ತೆಗೆದರು. ಅಲ್ಲಿಯವರೆಗೆ ಮಕ್ಕಳು ಇಷ್ಟವಿರಲಿ ಬಿಡಲಿ ರೂಪಗಳನ್ನು ಉರು ಹೊಡೆಯುತ್ತಿದ್ದರು. ನಿಯಮ ಹೋದ ಮೇಲೆ ಕ್ಲಾಸಿಗೆ ಯಾರು ಬರುತ್ತಾರೆ? ಮೇಷ್ಟ್ರುಗಳಿಗೆ ನಿಜವಾಗಿ ಚಿಂತೆ ಹತ್ತಿತು. 1966ರಲ್ಲಿ ಕೇಂಬ್ರಿಜ್‌ನಲ್ಲಿ ಇದಕ್ಕೆಂದೇ ಒಂದು ಯೋಜನೆ ಶುರುವಾಯಿತು, 1970ರ ಹೊತ್ತಿಗೆ ಪಾಠದ ಪುಸ್ತಕಗಳು ಬಂದವು. ‘ಕೇಂಬ್ರಿಜ್ ಲ್ಯಾಟಿನ್ ಕೋರ್ಸ್’ ಅಂತ ಹೆಸರು. ನೀವು ಹೇಳುವ ಸಾಹುಕಾರ, ನಾಯಿ, ಅಡುಗೆಯವನು ನೋಡಿದರೆ ನಿಮ್ಮ ಮಗ ಓದುತ್ತಿರುವುದು ಅದನ್ನೇ. ಮೊದಲ ದಿನದಿಂದ ಕತೆ ಓದಿಸು, ರೂಪಗಳು ಕತೆಯೊಳಗೆ ಮತ್ತೆ ಮತ್ತೆ ಬರಲಿ, ಆಮೇಲೆ ಪಟ್ಟಿ ಮಾಡಿಸು, ಆ ಜನ ಹೇಗೆ ಬದುಕಿದರು ಅನ್ನುವುದನ್ನು ಜೊತೆಜೊತೆಗೇ ಹೇಳು. ಇದು ಅವರು ಹಿಡಿದ ದಾರಿ.

ನಿಮ್ಮ ಸಂಸ್ಕೃತದ ಅನುಭವವನ್ನು ನೀವೇ ಪತ್ರದಲ್ಲಿ ಬರೆದಿದ್ದೀರಿ. 125ಕ್ಕೆ 121. ಆದರೂ ಶ್ಲೋಕ ಬಿಡಿಸಲು ಬರುವುದಿಲ್ಲ. ಅದು ನಿಮ್ಮ ತಪ್ಪಲ್ಲ. ನಮ್ಮಲ್ಲಿ ಎಷ್ಟೋ ಮಕ್ಕಳು ಮಾರ್ಕ್ಸಿಗಾಗಿ ಸಂಸ್ಕೃತ ತೆಗೆದುಕೊಳ್ಳುತ್ತಾರೆ, ‘ರಾಮಃ ರಾಮೌ ರಾಮಾಃ’ ನಿದ್ದೆಯಲ್ಲೂ ಹೇಳುತ್ತಾರೆ. ಆ ಭಾಷೆಯಲ್ಲಿ ಒಂದು ಮನೆ, ಒಂದು ಬೀದಿ, ಒಂದು ಜಗಳ ಅವರ ಕಣ್ಣ ಮುಂದೆ ಬಂದಿರುವುದೇ ಇಲ್ಲ. ಬಳಸುವ ಜಾಗ ಗೊತ್ತಿಲ್ಲದ ರೂಪ ಎಷ್ಟು ದಿನ ನಿಂತೀತು? ನಿಮಗೆ ಸಿಗದೇ ಹೋದದ್ದು ನಿಮ್ಮ ಮಗನಿಗೆ ಸಿಗುತ್ತಿದೆ ಅನ್ನುವುದೇ ನನಗೆ ಖುಷಿ.

ಅಂದಹಾಗೆ, ಆ ಸಾಹುಕಾರ ಕಟ್ಟುಕತೆಯವನಲ್ಲ. ಲೂಕಿಯುಸ್ ಕೈಕಿಲಿಯುಸ್ ಯೂಕುಂದುಸ್ ಅನ್ನುವವನು ಪಾಂಪೇಯಿಯಲ್ಲಿ ನಿಜವಾಗಿ ಇದ್ದ. ಹರಾಜಿನಲ್ಲಿ ಮಾರುವವರಿಗೂ ಕೊಳ್ಳುವವರಿಗೂ ನಡುವೆ ದುಡ್ಡಿನ ವ್ಯವಹಾರ ನೋಡಿಕೊಳ್ಳುತ್ತಿದ್ದ. 1875ರಲ್ಲಿ ಅವನ ಮನೆ ಅಗೆದಾಗ ಮೇಣ ಬಳಿದ ಮರದ ಹಲಗೆಗಳು ಸಿಕ್ಕವು, 150ಕ್ಕೂ ಜಾಸ್ತಿ. ಎಲ್ಲವೂ ಲೆಕ್ಕದ ಚೀಟಿಗಳು: ಯಾರು ಎಷ್ಟು ಕೊಟ್ಟರು, ಯಾರು ಸಾಕ್ಷಿ. ಎಲ್ಲಕ್ಕಿಂತ ಹಳೆಯದು ಕ್ರಿ.ಶ. 15ರದು, ಒಂದು ಹೇಸರಗತ್ತೆ ಮಾರಿದ ಲೆಕ್ಕ. 62ರಲ್ಲಿ ಆ ಊರಿಗೆ ದೊಡ್ಡ ಭೂಕಂಪ ಆಯಿತು. ಹಲಗೆಗಳ ತಾರೀಕು ಅದರ ಆಸುಪಾಸಿಗೇ ನಿಂತುಹೋಗುತ್ತವೆ. ವಾಲಿದ ಕಟ್ಟಡಗಳ ಉಬ್ಬುಚಿತ್ರ ಕೆತ್ತಿಸಿ ಮನೆಯ ದೇವರ ಗೂಡಿನಲ್ಲಿ ಇಟ್ಟಿದ್ದರು. ಮಗ ‘ಕೈಕಿಲಿಯುಸ್ ತೋಟದಲ್ಲಿದ್ದಾನೆ’ ಅಂತ ಓದುವಾಗ ಇಂಥವನೊಬ್ಬನ ಮನೆಯೊಳಗೇ ಹೋಗಿರುತ್ತಾನೆ.

ವ್ಯಾಕರಣ ಸಾಲದು ಅನ್ನುವ ನಿಮ್ಮ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಕತೆಯ ಮೂಲಕ ಕಲಿಸುವುದರಲ್ಲಿ ಒಂದು ಅಪಾಯ ಇದ್ದೇ ಇದೆ. ಮಕ್ಕಳು ಚುರುಕು. ಪದಗಳ ಅರ್ಥ ಹಿಡಿದು, ಚಿತ್ರ ನೋಡಿ, ಉಳಿದದ್ದನ್ನು ಊಹೆ ಮಾಡಿಬಿಡುತ್ತಾರೆ. ಪದದ ಕೊನೆಯ ಕಡೆ ಕಣ್ಣೇ ಹಾಯಿಸುವುದಿಲ್ಲ. ಮೊದಲ ವರ್ಷ ಇದು ನಡೆಯುತ್ತದೆ. ಎರಡನೇ ವರ್ಷ ವಾಕ್ಯ ಉದ್ದವಾದಾಗ ಮುಗ್ಗರಿಸುತ್ತಾರೆ. ನಿಮ್ಮ ಮಗ ಯಾವ ಕಡೆ ಇದ್ದಾನೆ ಅಂತ ಮನೆಯಲ್ಲೇ ನೋಡಬಹುದು. ಈ ಎರಡು ವಾಕ್ಯ ಬರೆದುಕೊಡಿ:

ಸೆರ್ವುಸ್ ಕನೆಮ್ ವಿದೆತ್.
ಸೆರ್ವುಮ್ ಕನಿಸ್ ವಿದೆತ್.

ಎರಡಕ್ಕೂ ‘ಗುಲಾಮ ನಾಯಿಯನ್ನು ನೋಡುತ್ತಾನೆ’ ಅಂದರೆ ಅವನು ಊಹಿಸುತ್ತಿದ್ದಾನೆ. ಎರಡನೆಯದು ‘ಗುಲಾಮನನ್ನು ನಾಯಿ ನೋಡುತ್ತದೆ’ ಅಂತ ಹೇಳಿದರೆ ವ್ಯಾಕರಣ ಒಳಗೆ ಇಳಿದಿದೆ.

ಈಗ ಆ ವಾಕ್ಯಗಳನ್ನು ನೀವು ಇನ್ನೊಮ್ಮೆ ನೋಡಿ. ಗುಲಾಮ, ನಾಯಿಯನ್ನು, ನೋಡುತ್ತಾನೆ. ಪದದ ಕ್ರಮ ನಮ್ಮದೇ! ಯಾರು ಯಾರನ್ನು ಅನ್ನುವುದನ್ನು ಪ್ರತ್ಯಯ ಹೇಳುತ್ತದೆ, ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ‘ವಿದೆಓ’ ಅಂದರೆ ಸಾಕು, ‘ನೋಡುತ್ತೇನೆ’. ‘ನಾನು’ ಅಂತ ಬೇರೆ ಹೇಳಬೇಕಾಗಿಲ್ಲ. ಇಂಗ್ಲಿಷ್ ಮಾತ್ರ ಬಲ್ಲ ಮಕ್ಕಳಿಗೆ ಇದೇ ಕಷ್ಟದ ಘಟ್ಟ, ಯಾಕೆಂದರೆ ಆ ಭಾಷೆಯಲ್ಲಿ ಪದದ ಜಾಗ ಬದಲಾದರೆ ಅರ್ಥವೇ ಬದಲಾಗುತ್ತದೆ. ಮನೆಯಲ್ಲಿ ಕನ್ನಡ ಕೇಳುತ್ತಾ ಬೆಳೆದವನಿಗೆ ಈ ತರ್ಕ ಹೊಸದಲ್ಲ. ಲ್ಯಾಟಿನ್‌ಗೂ ಕನ್ನಡಕ್ಕೂ ನೆಂಟಸ್ತಿಕೆ ಏನೂ ಇಲ್ಲ, ಲ್ಯಾಟಿನ್‌ಗೂ ಸಂಸ್ಕೃತಕ್ಕೂ ಇದೆ. ಲ್ಯಾಟಿನ್‌ನಲ್ಲಿ ಮೇಜಿಗೂ ಗೋಡೆಗೂ ಗಂಡು ಹೆಣ್ಣು ಲಿಂಗ ಹಚ್ಚುತ್ತಾರೆ. ಅದು ಅವನಿಗೆ ತಲೆನೋವೇ. ಆದರೂ ‘ಅನ್ನು’, ‘ಇಗೆ’, ‘ಇಂದ’ ಅಂತ ನೀವು ಕನ್ನಡದಲ್ಲಿ ಕೇಳಿ, ಅವನು ಲ್ಯಾಟಿನ್‌ನಲ್ಲಿ ಉತ್ತರ ಹುಡುಕಲಿ. ಆ ಮನೆಪಾಠವನ್ನು ಅವನ ಟೀಚರ್ ಕೂಡ ಕೊಡಲಾರರು.

ಗುಲಾಮರ ವಿಷಯ. ನಿಮಗೆ ಕಸಿವಿಸಿ ಆದದ್ದು ಸರಿಯಾಗಿಯೇ ಇದೆ. ಇದೇ ಪಾಠಮಾಲೆಯ ಹಳೆಯ ಪುಸ್ತಕಗಳಲ್ಲಿ ಗುಲಾಮರು ಯಜಮಾನನ ಮನೆಯಲ್ಲಿ ಸುಖವಾಗಿದ್ದವರಂತೆ ಕಾಣುತ್ತಾರೆ ಎಂದು ಮೇಷ್ಟ್ರುಗಳೇ ಆಕ್ಷೇಪ ಎತ್ತಿದ್ದರು. 2022ರಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಅದನ್ನು ತಿದ್ದುವ ಪ್ರಯತ್ನ ನಡೆದಿದೆ. ಕೈಕಿಲಿಯುಸ್‌ಗೆ ಒಬ್ಬ ಮಗಳನ್ನೂ ಸೇರಿಸಿದ್ದಾರೆ. ಆದರೆ ಪುಸ್ತಕ ಏನೇ ಮಾಡಲಿ, ಇದನ್ನು ನೀವು ಮನೆಯಲ್ಲಿ ಮಾತಾಡಲೇಬೇಕು. ಆ ಬ್ರೆಡ್ಡಿನ ಮುದ್ರೆಗೇ ವಾಪಸ್ ಹೋಗಿ. ಬ್ರೆಡ್ಡು ಕೆಲೆರ್‌ನದು, ಕೆಲೆರ್ ಗ್ರಾನಿಯುಸ್ ವೇರುಸ್‌ನವನು. ಒಂದೇ ವಿಭಕ್ತಿ ಎರಡು ಸಲ ಬಂದಿದೆ, ಒಮ್ಮೆ ತಿಂಡಿಗೆ, ಒಮ್ಮೆ ಮನುಷ್ಯನಿಗೆ. ಮನುಷ್ಯನೊಬ್ಬ ಇನ್ನೊಬ್ಬನ ಸ್ವತ್ತು ಅನ್ನುವುದು ಅವರಿಗೆ ಎಷ್ಟು ಮಾಮೂಲಾಗಿತ್ತು ಅಂದರೆ ಅದನ್ನು ಊಟದ ಮೇಲೆ ಒತ್ತಿಬಿಟ್ಟಿದ್ದಾರೆ. ಇದನ್ನು ಅವನಿಗೆ ತೋರಿಸಿ, ಯೋಚನೆ ಮಾಡಲು ಬಿಡಿ. ಹುಟ್ಟಿನಿಂದಲೇ ಮನುಷ್ಯರನ್ನು ಮೇಲೆ ಕೆಳಗೆ ಇಟ್ಟ ಊರುಗಳಿಂದ ಬಂದ ನಮಗೆ ಈ ಮಾತು ದೂರದ್ದಲ್ಲ. ಅವನ ವಯಸ್ಸಿಗೆ ಇದು ಜಾಸ್ತಿಯಾಯಿತು ಅಂತಲೂ ನನಗೆ ಅನ್ನಿಸುವುದಿಲ್ಲ.

ಉಪಯೋಗ ಏನು ಅನ್ನುವ ನಿಮ್ಮ ಮನೆಯವರ ಪ್ರಶ್ನೆಗೆ ಉದ್ದ ಉತ್ತರ ಬೇಡ. ಡಾಕ್ಟರ್ ಆಗುತ್ತಾನೆ, ವಕೀಲ ಆಗುತ್ತಾನೆ, ಪದಗಳು ಸುಲಭ ಆಗುತ್ತವೆ ಅಂತ ಹೇಳಿ ಲ್ಯಾಟಿನ್ ಮಾರುವುದು ನನಗೆ ಇಷ್ಟವಿಲ್ಲ. ರೋಮನ್ ಬರಹಗಾರ ಪ್ಲಿನಿ, ಆಗ ಹದಿನೇಳು ವರ್ಷದ ಹುಡುಗ, ವೆಸೂವಿಯಸ್ ಸಿಡಿದಾಗ ಕೊಲ್ಲಿಯ ಆಚೆ ದಡದಲ್ಲಿದ್ದ. ಅವನ ಸೋದರಮಾವ ಹಡಗು ತೆಗೆದುಕೊಂಡು ಜನರನ್ನು ಉಳಿಸಲು ಹೋಗಿ ಅಲ್ಲೇ ಸತ್ತ. ಹುಡುಗ ಮನೆಯಲ್ಲಿ ಉಳಿದು, ನೆಲ ನಡುಗುತ್ತಿದ್ದರೂ ಓದುತ್ತಾ ಟಿಪ್ಪಣಿ ಮಾಡುತ್ತಾ ಕೂತಿದ್ದ. ಎಷ್ಟೋ ವರ್ಷ ಆದ ಮೇಲೆ ಆ ದಿನದ ಬಗ್ಗೆ ಎರಡು ಪತ್ರ ಬರೆದ. ಆ ಪತ್ರಗಳನ್ನು ಅವನ ಮಾತಿನಲ್ಲೇ ಓದುವುದು ಇನ್ನು ಕೆಲವು ವರ್ಷಗಳಲ್ಲಿ ನಿಮ್ಮ ಮಗನಿಗೆ ಸಾಧ್ಯ. ನನಗೆ ಅಷ್ಟು ಉಪಯೋಗ ಸಾಕು.

ಇನ್ನೊಂದನ್ನು ಗಮನಿಸಿ. 2021ರ ಹೊತ್ತಿನ ಬ್ರಿಟಿಷ್ ಕೌನ್ಸಿಲ್ ಸಮೀಕ್ಷೆಯ ಪ್ರಕಾರ, ಇಂಗ್ಲೆಂಡಿನಲ್ಲಿ ಅವನ ವಯಸ್ಸಿನವರಿಗೆ ಲ್ಯಾಟಿನ್ ಕಲಿಸುತ್ತಿದ್ದ ಸರ್ಕಾರಿ ಶಾಲೆಗಳು ಶೇ. 2.7 ಮಾತ್ರ. ಫೀಸು ತೆಗೆದುಕೊಳ್ಳುವ ಖಾಸಗಿ ಶಾಲೆಗಳಲ್ಲಿ ಶೇ. 49. ಈ ಅಂತರ ತುಂಬಲು 2021ರಲ್ಲಿ 40 ಶಾಲೆಗಳಿಗೆಂದು 40 ಲಕ್ಷ ಪೌಂಡಿನ ಯೋಜನೆ ಘೋಷಿಸಿದರು. ಸರ್ಕಾರ ಬದಲಾಯಿತು, 2025ರ ಫೆಬ್ರವರಿಗೆ, ಶಾಲೆಯ ವರ್ಷದ ನಡುವೆಯೇ, ದುಡ್ಡು ನಿಂತಿತು. ಮಕ್ಕಳು ಪರೀಕ್ಷೆಗೆ ತಯಾರಾಗುತ್ತಿದ್ದ ಹೊತ್ತಿನಲ್ಲಿ ಹಾಗೆ ಮಾಡಿದ್ದು ತಪ್ಪು ಅಂತ ನನ್ನ ಅಭಿಪ್ರಾಯ. ಫೀಸಿಲ್ಲದೆ ನಿಮ್ಮ ಮಗನಿಗೆ ಸಿಕ್ಕಿರುವುದು ಸುಲಭಕ್ಕೆ ಸಿಗುವಂಥದ್ದಲ್ಲ.

ಕನ್ನಡದ ಮಾತಿಗೆ ಬರುತ್ತೇನೆ, ನಿಮ್ಮ ನಿಜವಾದ ನೋವು ಅದೇ ಅಂತ ನನಗೆ ಗೊತ್ತು. ಲ್ಯಾಟಿನ್ ಬಿಡಿಸಿದರೆ ಆ ಹೊತ್ತು ಕನ್ನಡಕ್ಕೆ ಬರುವುದಿಲ್ಲ, ಶಾಲೆಯ ಇನ್ನೊಂದು ಪಾಠಕ್ಕೆ ಹೋಗುತ್ತದೆ. ಕನ್ನಡಕ್ಕೆ ಮನೆಯಲ್ಲೇ ಜಾಗ ಮಾಡಬೇಕು. ಮಾಡುವಾಗ ಅವನ ಲ್ಯಾಟಿನ್ ಕ್ಲಾಸಿನಿಂದ ಒಂದು ಪಾಠ ಎರವಲು ತನ್ನಿ. ಹೊರದೇಶದಲ್ಲಿ ನಾವು ಮಕ್ಕಳಿಗೆ ಅ ಆ ಇ ಈ, ಕಾಗುಣಿತ, ಒತ್ತಕ್ಷರ ಅಂತ ತಿಂಗಳುಗಟ್ಟಲೆ ತಿದ್ದಿಸುತ್ತೇವೆ. ಕತೆ ಬರುವ ಹೊತ್ತಿಗೆ ಮಗುವಿಗೆ ಸಾಕಾಗಿರುತ್ತದೆ. ಮೊದಲ ವಾರದಿಂದಲೇ ಅವನ ಅಜ್ಜಿ, ಹಾಸನದ ಮನೆ, ಹಿತ್ತಿಲು, ನಾಯಿ ಇರುವ ನಾಲ್ಕು ಸಾಲಿನ ಕತೆ ನೀವೇ ದೊಡ್ಡ ಅಕ್ಷರದಲ್ಲಿ ಬರೆದು ಓದಿಸಿ. ಅವನು ಮಾತು ಬಲ್ಲ, ಅಕ್ಷರ ಮಾತ್ರ ಹೊಸದು. ಬೇಕಾದಾಗ ಕಾಗುಣಿತ ಹೇಳಿಕೊಡಿ. ವಾರಕ್ಕೆ ಮೂರು ಸಂಜೆ, ಇಪ್ಪತ್ತು ನಿಮಿಷ ಸಾಕು.

ಮತ್ತೆ, ನೀವಿರುವ ಊರು ಎಂಥದು ಅಂತ ನಿಮಗೆ ಯಾರಾದರೂ ಹೇಳಿದ್ದಾರಾ? ರೆಡಿಂಗ್‌ನಿಂದ ಸುಮಾರು ಹತ್ತು ಮೈಲಿಯಲ್ಲಿ ಸಿಲ್ಚೆಸ್ಟರ್ ಇದೆ, ರೋಮನ್ನರ ಕಾಲದ ಕಲ್ಲೇವಾ ಪಟ್ಟಣ. ಜನ ಬಿಟ್ಟುಹೋದ ಮೇಲೆ ಅದರ ಮೇಲೆ ಬೇರೆ ಊರು ಏಳಲಿಲ್ಲ. ಹಾಗಾಗಿ ಕೋಟೆಗೋಡೆ ಹೆಚ್ಚುಕಡಿಮೆ ಪೂರ್ತಿ ಸುತ್ತು ಉಳಿದಿದೆ, ಸುಮಾರು ಒಂದೂವರೆ ಮೈಲಿ. ಗೋಡೆಯ ಹೊರಗೆ ಕುಸ್ತಿ, ಕಾಳಗ ನೋಡುವ ದುಂಡು ಅಖಾಡವೂ ಇದೆ. ಟಿಕೆಟ್ಟಿಲ್ಲ. ಬೂಟು ಹಾಕಿಕೊಂಡು ಹೋಗಿ, ಕೆಸರಿರುತ್ತದೆ.

ಅಲ್ಲಿ ಸಿಕ್ಕ ವಸ್ತುಗಳು ರೆಡಿಂಗ್ ಮ್ಯೂಸಿಯಂನ ಸಂಗ್ರಹದಲ್ಲಿವೆ. ಕಂಚಿನ ಹದ್ದು ಪ್ರಸಿದ್ಧ, ಅದನ್ನು ಎಲ್ಲರೂ ನೋಡುತ್ತಾರೆ. ನೀವು ಮಣ್ಣಿನ ಹೆಂಚುಗಳ ಬಗ್ಗೆ ಕೇಳಿ. ಹಸಿ ಇರುವಾಗ ಯಾರೋ ಒಂದರ ಮೇಲೆ ಕೆಲವು ಹೆಸರು ಗೀಚಿ, ಕೊನೆಗೆ ‘ಕೊಂತಿಕುಏರೆ ಒಮ್ನೇಸ್’ ಅಂತ ಬರೆದಿದ್ದಾರೆ. ‘ಎಲ್ಲರೂ ಸುಮ್ಮನಾದರು’ ಅಂತ ಅರ್ಥ. ಅದು ರೋಮನ್ ಕವಿ ವರ್ಜಿಲ್‌ನ ಮಹಾಕಾವ್ಯದ ಎರಡನೇ ಭಾಗ ಶುರುವಾಗುವ ಮಾತು. ರೋಮ್‌ನಿಂದ ಅಷ್ಟು ದೂರದ ಊರಿನ ಹೆಂಚಿನ ಮೇಲೆ ಕಾವ್ಯದ ಸಾಲು ಬಂದಿದೆ ಅಂದರೆ, ಅದನ್ನು ಕಂಠಪಾಠ ಮಾಡಿಸಿದ ಮೇಷ್ಟ್ರು ಯಾರಾದರೂ ಇದ್ದಿರಬೇಕು! ಎರಡೇ ಪದ. ನಿಮ್ಮ ಮಗ ಓದಿ ನಿಮಗೆ ಅರ್ಥ ಹೇಳಲಿ.

ಬೇಸಿಗೆ ರಜೆಗೆ ಊರಿಗೆ ಬಂದಾಗ ಅವನಿಗೆ ಇದನ್ನೂ ಹೇಳಿ. ಬೆಂಗಳೂರಿನ ಯಶವಂತಪುರದಲ್ಲಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಪಾಂಪೇಯಿಯ ಒಂದು ಮನೆಯಲ್ಲಿ 1938ರಲ್ಲಿ ನಮ್ಮ ದೇಶದಲ್ಲಿ ಕೆತ್ತಿದ ದಂತದ ಹೆಣ್ಣುಗೊಂಬೆ ಸಿಕ್ಕಿತು, ಈಗ ನೇಪಲ್ಸ್ ಮ್ಯೂಸಿಯಂನಲ್ಲಿದೆ. ಅವನು ಓದುವ ಆ ಬೀದಿಗಳಿಗೆ ನಮ್ಮ ಕಡೆಯ ಸಾಮಾನೂ ಹೋಗಿತ್ತು.

ಒಂಬತ್ತನೇ ಇಯರ್‌ನಲ್ಲಿ ಜಿಸಿಎಸ್‌ಇಗೆ, ಅಂದರೆ ನಮ್ಮ ಹತ್ತನೇ ತರಗತಿಯಂಥ ಪರೀಕ್ಷೆಗೆ, ವಿಷಯ ಆರಿಸುವ ಹೊತ್ತು ಬರುತ್ತದೆ. ಆಗ ನಿರ್ಧಾರ ಅವನದೇ ಇರಲಿ. ಮುಂದುವರಿಸಿದರೆ ಪರೀಕ್ಷೆಗೆ 400ಕ್ಕೂ ಹೆಚ್ಚು ಪದಗಳನ್ನು ಕಲಿಯಬೇಕು, ರೂಪಗಳ ಪಟ್ಟಿಯನ್ನೂ ಕೂತು ಗಟ್ಟಿ ಮಾಡಬೇಕು. ಅಲ್ಲಿ ಬಾಯಿಪಾಠ ಬೇಕೇ ಬೇಕು, ಅದರಲ್ಲಿ ನೀವು ಪಳಗಿದವರು. ಅಷ್ಟರವರೆಗೆ ಕೈಕಿಲಿಯುಸ್‌ನ ಮನೆಯ ಸುದ್ದಿಯನ್ನು ದಿನಾ ಊಟದ ಹೊತ್ತಿಗೆ ಅವನ ಬಾಯಿಂದ ಕನ್ನಡದಲ್ಲಿ ಹೇಳಿಸಿ. ಸಿಲ್ಚೆಸ್ಟರ್‌ಗೆ ಹೋಗಿ ಬಂದ ಮೇಲೆ ನಮಗೆ ಬರೆಯಿರಿ, ಅವನ ಕೈಯಲ್ಲೂ ಕನ್ನಡದಲ್ಲಿ ನಾಲ್ಕು ಸಾಲು ಬರೆಸಿ ಕಳಿಸಿ. ಅಚ್ಚು ಹಾಕುತ್ತೇವೆ.

— ಸಂಪಾದಕ