ಪುಸ್ತಕದ ಪಿಎಚ್‌ಪಿ ಕೋಡ್‌ನಲ್ಲಿ ‘ಅನ್‌ಡಿಫೈನ್ಡ್ ಫಂಕ್ಷನ್’ ಎರರ್: ಪ್ರತಿಕ್ರಿಯೆ

ನೀವು ಪಿಎಚ್‌ಪಿ (ವೆಬ್‌ಸೈಟ್ ಮಾಡುವ ಪ್ರೋಗ್ರಾಮಿಂಗ್ ಭಾಷೆ) ಕೋಡನ್ನು ಪುಸ್ತಕದಲ್ಲಿ ಇದ್ದ ಹಾಗೇ ಟೈಪ್ ಮಾಡಿದರೂ, ಡೇಟಾಬೇಸ್‌ಗೆ ಕನೆಕ್ಷನ್ ಮಾಡುವ ‘ಮೈಎಸ್‌ಕ್ಯುಎಲ್_ಕನೆಕ್ಟ್’ ಸಾಲಿನಲ್ಲಿ ‘ಅನ್‌ಡಿಫೈನ್ಡ್ ಫಂಕ್ಷನ್’ (ಇಂಥ ಫಂಕ್ಷನ್ ಇಲ್ಲ) ಎಂದು ಬರುವುದಕ್ಕೆ ಕಾರಣ ಬಹುಶಃ ಪುಸ್ತಕ ಹಳೆಯದಾಗಿರುವುದು. ‘ಮೈಎಸ್‌ಕ್ಯುಎಲ್_’ ಎಂದು ಶುರುವಾಗುವ ಫಂಕ್ಷನ್‌ಗಳನ್ನೆಲ್ಲ 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲೇ ತೆಗೆದುಹಾಕಿದ್ದಾರೆ.

ಮೊದಲು ‘ಪಿಎಚ್‌ಪಿಇನ್ಫೋ’ ಓಡಿಸಿ ವರ್ಷನ್ ನೋಡಿ. 7 ಅಥವಾ ಮೇಲಿದ್ದರೆ ಇದೇ ಕಾರಣ. ಹಾಗಂತ ಹಳೇ ಪಿಎಚ್‌ಪಿ ಹಾಕಿಕೊಳ್ಳಬೇಡಿ, ಸುಮ್ನೆ ಇನ್ನೊಂದು ತಲೆನೋವು.

ಆಮೇಲೆ ‘ಮೈಎಸ್‌ಕ್ಯುಎಲ್_’ ಇರುವಲ್ಲೆಲ್ಲ ‘ಮೈಎಸ್‌ಕ್ಯುಎಲ್‌ಐ_’ ಮಾಡಿ. ಹೆಸರು ಬದಲಿಸಿದರೆ ಸಾಲದು, ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಹಳೆಯ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆದೇಶ) ಫಂಕ್ಷನ್‌ಗೆ ಕನೆಕ್ಷನ್ ಕೊಡದಿದ್ದರೂ ನಡೆಯುತ್ತಿತ್ತು. ಹೊಸದಕ್ಕೆ ಮೊದಲು ಕನೆಕ್ಷನ್, ನಂತರ ಕ್ವೆರಿ, ಇದೇ ಕ್ರಮದಲ್ಲಿ ಕೊಡಲೇಬೇಕು. ಡೇಟಾಬೇಸ್ ಹೆಸರನ್ನು ಕನೆಕ್ಟ್‌ನಲ್ಲೇ ನಾಲ್ಕನೆಯದಾಗಿ ಕೊಟ್ಟುಬಿಡಬಹುದು.

ಪಿಎಚ್‌ಪಿ 8.1 ಅಥವಾ ಮೇಲಿದ್ದರೆ ಪುಸ್ತಕದ ‘ಆರ್ ಡೈ’ (ತಪ್ಪಾದರೆ ಅಲ್ಲೇ ನಿಲ್ಲಿಸುವ) ಸಾಲು ಕೆಲಸಕ್ಕೆ ಬರುವುದಿಲ್ಲ. ತಪ್ಪಾದರೆ ಎಕ್ಸೆಪ್ಶನ್ (ಹಿಡಿಯದಿದ್ದರೆ ಪ್ರೋಗ್ರಾಮನ್ನೇ ನಿಲ್ಲಿಸುವ ದೋಷದ ಸೂಚನೆ) ಬರುತ್ತದೆ, ಅದನ್ನು ಟ್ರೈ-ಕ್ಯಾಚ್‌ನಲ್ಲಿ ಹಿಡಿಯಿರಿ.

ಫಾರ್ಮ್‌ನಿಂದ ಬಂದದ್ದನ್ನು ನೇರವಾಗಿ ಕ್ವೆರಿಗೆ ಅಂಟಿಸುವ ಉದಾಹರಣೆಗಳೂ ಅದರಲ್ಲಿರಬಹುದು. ಅವನ್ನು ಮಾತ್ರ ಹಾಗೇ ಬಳಸಬೇಡಿ, ಯಾರು ಬೇಕಾದರೂ ಫಾರ್ಮ್ ಮೂಲಕವೇ ನಿಮ್ಮ ಕ್ವೆರಿಯನ್ನು ತಿರುಚಬಹುದು. ಅಲ್ಲಿ ಕ್ವೆರಿಯನ್ನೂ ಫಾರ್ಮ್‌ನ ಮಾಹಿತಿಯನ್ನೂ ಬೇರೆಬೇರೆಯಾಗಿ ಕೊಡುವ ‘ಪ್ರಿಪೇರ್’ ಬಳಸಿ. ಟೇಬಲ್ ವಿನ್ಯಾಸ, ಎಚ್‌ಟಿಎಂಎಲ್ ಫಾರ್ಮ್ ಅಧ್ಯಾಯಗಳು ಈಗಲೂ ನಡೆಯುತ್ತವೆ, ಪುಸ್ತಕ ಬಿಸಾಡಬೇಡಿ.

ಇಷ್ಟಾದರೂ ಅದೇ ಎರರ್ ಬಂದರೆ ಪಿಎಚ್‌ಪಿ.ಐಎನ್‌ಐ (ಪಿಎಚ್‌ಪಿಯ ಸೆಟ್ಟಿಂಗ್ಸ್) ಫೈಲ್‌ನಲ್ಲಿ ‘ಮೈಎಸ್‌ಕ್ಯುಎಲ್‌ಐ’ ಎಕ್ಸ್‌ಟೆನ್ಷನ್ ಸಾಲಿನ ಮುಂದಿನ ಸೆಮಿಕೋಲನ್ ತೆಗೆದು, ಸರ್ವರ್ ರೀಸ್ಟಾರ್ಟ್ ಮಾಡಿ.