ತೋಟ ಮಾಡೋರಿಗೆ ವಾಕಿಂಗ್ ಯಾಕೆ?

ಅಣ್ಣಾ, ಡಾಕ್ಟರ್ ನಿಮಗೆ ಶುಗರ್ ಗಡಿಯಲ್ಲಿದೆ, ದಿನಾ ನಡೀರಿ ಅಂದ್ರು, "ಇಡೀ ದಿನ ಅಡಿಕೆ ತೋಟದಲ್ಲಿರೋ ನಮಗೆ ಬೇರೆ ವಾಕಿಂಗ್ ಯಾಕೆ" ಅಂತ ಕೇಳಿದೀರಿ. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ. ನಮ್ಮ ಡಾಕ್ಟರ್ ವಾದಕ್ಕೆ ಬರ್ಲಿಲ್ಲ. "ನಿನ್ನೆ ಉಸಿರು ಏರೋ ಹಾಗೆ ಏನು ಮಾಡಿದ್ರಿ?" ಅಂದ್ರು ಅಷ್ಟೆ.

ಯೋಚಿಸಿದೆ. ತೋಟಕ್ಕೆ ಹೋಗಿದ್ದು ಬೈಕಲ್ಲಿ. ಹುಲ್ಲು ಹೊಡೆದಿದ್ದು ಆಳು, ಅದೂ ಮೆಷಿನ್‌ನಲ್ಲಿ. ಅಡಿಕೆ ಗೊನೆ ಇಳಿಸಿದ್ದು ಫೈಬರ್ ದೋಟಿ, ಅಂದ್ರೆ ಉದ್ದನೆ ಕೋಲು. ನಾನು ಮರದ ಬುಡದಲ್ಲಿ ನಿಂತು ಫೋನಲ್ಲಿ ರೇಟು ವಿಚಾರಿಸ್ತಿದ್ದೆ! ಅಪ್ಪ ಗೊಬ್ಬರದ ಹೆಡಿಗೆ ಹೊತ್ತು ದಿಬ್ಬ ಹತ್ತಿದ್ದನ್ನ ನನ್ನ ಲೆಕ್ಕಕ್ಕೆ ಬರ್ಕೊಂಡು ಕೂತಿದ್ದೆ.

1953ರಲ್ಲಿ ಲಂಡನ್ನಿನ ಜೆರ್ರಿ ಮಾರಿಸ್ ಅನ್ನೋ ವೈದ್ಯರು ಡಬಲ್ ಡೆಕ್ಕರ್ ಬಸ್ಸಿನವರ ಆರೋಗ್ಯದ ಲೆಕ್ಕ ಪ್ರಕಟಿಸಿದ್ರು. ಕೂತೇ ಇರೋ ಡ್ರೈವರ್‌ಗಳಿಗಿಂತ, ದಿನವಿಡೀ ಮೆಟ್ಟಿಲು ಹತ್ತಿ ಇಳಿಯೋ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ. ಇಬ್ರೂ ಇದ್ದಿದ್ದು ಒಂದೇ ಬಸ್ಸಲ್ಲಿ. ನಮ್ಮ ತೋಟದಲ್ಲಿ ಆಳು ಕಂಡಕ್ಟರು, ನಾನು ಡ್ರೈವರು.

ನಿಮ್ಮ ಹಾಗೆ ಗಡಿಯಲ್ಲಿದ್ದ 531 ಜನರ ಮೇಲೆ ಚೆನ್ನೈನಲ್ಲಿ ಒಂದು ಅಧ್ಯಯನ ಆಗಿ 2006ರಲ್ಲಿ ಪ್ರಕಟ ಆಯ್ತು. ಊಟ ಸುಧಾರಿಸಿ ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯೋಕೆ ಹೇಳಿದ ಗುಂಪಲ್ಲಿ ಸಕ್ಕರೆ ಕಾಯಿಲೆಗೆ ಜಾರಿದವರು, ಮಾಮೂಲಿ ಸಲಹೆ ಮಾತ್ರ ಸಿಕ್ಕ ಗುಂಪಿಗಿಂತ ಶೇ. 28.5ರಷ್ಟು ಕಡಿಮೆ. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ಕೊಟ್ಟ ಗುಂಪಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದ್ರೆ ಅಲ್ಲಿ ನಿಜವಾಗಿ ಮೈಮುರಿದು ದುಡಿಯೋರಿಗೆ ಹೊಸದಾಗಿ ನಡೀರಿ ಅಂತ ಹೇಳ್ಲಿಲ್ಲ, ಮಾಡ್ತಿರೋದನ್ನೇ ಮುಂದುವರಿಸಿ ಅಂದ್ರು. ಹಾಗಾಗಿ ನೀವೇ ಗುದ್ದಲಿ ಹಿಡೀತೀರಾದ್ರೆ ಅದನ್ನೂ ಲೆಕ್ಕಕ್ಕೆ ಹಿಡೀರಿ. ನಿಂತು ಮಾಡಿಸಿದ್ದು ಮಾತ್ರ ಬೇಡ.

ಎಷ್ಟು ಅಂದ್ರೆ, ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ. ಬಿರುಸು ಎಷ್ಟಿರ್ಬೇಕು ಅಂದ್ರೆ ಮಾತಾಡೋಕಾಗ್ಬೇಕು, ಹಾಡು ಹೇಳೋಕಾಗ್ಬಾರ್ದು. ಒಂದೇ ಸಲ ಆಗ್ಬೇಕು ಅಂತಿಲ್ಲ, ಹತ್ತು ಹತ್ತು ನಿಮಿಷ ಕೂಡಿಸಿದ್ರೂ ಆಯ್ತು.

ನನಗೆ ಕಣ್ಣಾರೆ ಫಲ ಕಂಡಿದ್ದು ಮಧ್ಯಾಹ್ನದ ಊಟದ ನಂತರ. ಅದೇ ಅನ್ನ, ಅದೇ ತಂಬುಳಿ. ಉಂಡು ಮಲಗಿದ ದಿನ ಶುಗರ್ ನೋಡೋ ಮೆಷಿನ್ 198 ತೋರಿಸ್ತು. ಮಾರನೇ ದಿನ ಕಾಲು ಗಂಟೆ ಅಂಗಳದ ಅಡಿಕೆ ತಿರುವಿ, ಗೇಟಿನವರೆಗೆ ಎರಡು ಸಲ ನಡೆದು ಬಂದೆ, 161. ದುಡಿಯೋ ಸ್ನಾಯು ಇನ್ಸುಲಿನ್ ದಾರಿ ಕಾಯದೇ ರಕ್ತದ ಸಕ್ಕರೆ ಎಳ್ಕೊಳ್ಳುತ್ತೆ, ಅದಕ್ಕೇ. ಬಿಪಿ, ನಿದ್ದೆಗೂ ಒಳ್ಳೇದು, ಆದ್ರೆ ಅವು ನಿಧಾನ.

ಮಂಡಿ ನೋವು ಅಂತ ನಡಿಗೆ ಬಿಡೋರು ನಮ್ಮಲ್ಲಿ ಜಾಸ್ತಿ. ಮಂಡಿಗೆ ಬೇಕಾಗಿದ್ದು ತೊಡೆಯ ಬಲ. ಕೈ ಊರದೇ ಕುರ್ಚಿಯಿಂದ ಹತ್ತು ಸಲ ಎದ್ದು ಕೂತ್ಕೊಳ್ಳಿ, ವಾರಕ್ಕೆ ಎರಡು ಮೂರು ದಿನ. ನಮ್ಮಮ್ಮ ಮೊದ್ಲು ನಾಲ್ಕಕ್ಕೇ ಸುಸ್ತಾಗ್ತಿದ್ರು, ಈಗ ಟಿವಿ ನೋಡ್ತಾ ಹನ್ನೆರಡು ಮಾಡ್ತಾರೆ. ಮೆಟ್ಟುಗತ್ತಿ ಮುಂದೆ ಗಂಟೆಗಟ್ಟಲೆ ಅಡಿಕೆ ಸುಲಿಯೋರು ನಡುನಡುವೆ ಎದ್ದು ಬೆನ್ನು ನೆಟ್ಟಗೆ ಮಾಡ್ಕೊಳ್ಳಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ತಗೊಳ್ಳೋರು ಜೇಬಲ್ಲಿ ಬೆಲ್ಲ ಇಟ್ಕೊಂಡೇ ಹೊರಡಿ, ಶುಗರ್ ಇಳಿದು ಕೈ ನಡುಗೋದುಂಟು. ಶುಗರ್ ಇದ್ದೋರು ಬರಿಗಾಲಲ್ಲಿ ಬೇಡ, ಪಾದ ಜೋಮು ಹಿಡಿದಿದ್ರೆ ಮುಳ್ಳು ಹೊಕ್ಕಿದ್ದೂ ಗೊತ್ತಾಗಲ್ಲ. ಎದೆ ಬಿಗಿದ್ರೆ ಅಲ್ಲೇ ನಿಂತು ಆಸ್ಪತ್ರೆಗೆ ಹೋಗಿ. ಮಳೆಗಾಲದಲ್ಲಿ ಇಂಬಳದ (ಜಿಗಣೆ) ಕಾಟ ಇದ್ರೆ ಜಗಲೀಲೇ ನಡೆದ್ರೆ ಸಾಕು.

ನಾನು ಮಾಡಿದ್ದು ಇಷ್ಟೆ: ತೋಟ ಒಂದೂವರೆ ಕಿಲೋಮೀಟರ್, ಬೈಕ್ ಮನೇಲಿ ಬಿಟ್ಟೆ. ಹೋಗಿ ಬರೋಕೆ 35 ನಿಮಿಷ, ವಾರಕ್ಕೆ 5 ದಿನ ಅಂದ್ರೂ 150 ದಾಟುತ್ತೆ. ಮೊದಲ ವಾರ ದಾರೀಲಿ ಸಿಕ್ಕೋರೆಲ್ಲ "ಬೈಕ್ ಕೆಟ್ಟಿದ್ಯನಾ?" ಅಂತ ಕೇಳ್ತಾರೆ. ಹೌದು ಅಂದ್ಬಿಡಿ.